ಡಿಪೆಂಡೆಂಟ್ ವೀಸಾ: ಹೊರಡುವ ಮೊದಲು ತಿಳಿಯಬೇಕಾದ ದಿನಾಂಕಗಳು, ಕೇಳಬೇಕಾದ ಪ್ರಶ್ನೆಗಳು

(ಪುಣೆಯಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಆರೋಗ್ಯ, ಸಾಹಿತ್ಯ, ಹಬ್ಬದ ಅಡುಗೆ ಇಂಥ ವಿಷಯಗಳು ಬರುತ್ತವೆ. ವೀಸಾ ಬಗ್ಗೆ ಮಾತಾಡಿ ಎಂದು ಸಂಚಾಲಕಿಯವರು ಕೇಳಿದಾಗ ನನಗೂ ಆಶ್ಚರ್ಯವಾಯಿತು. ಆದರೆ ಯೋಚಿಸಿ ನೋಡಿದರೆ ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು. ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೆಲಸ ಮಾಡುವ ಮಗಳಿಗೆ ಗಂಡು ಗೊತ್ತಾಗುತ್ತದೆ, ಹುಡುಗ ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ಇರುತ್ತಾನೆ. ಜಾತಕ ನೋಡುತ್ತೇವೆ, ಗೋತ್ರ ಕೇಳುತ್ತೇವೆ, ಸಂಬಳವನ್ನೂ ಸೂಕ್ಷ್ಮವಾಗಿ ವಿಚಾರಿಸುತ್ತೇವೆ. "ಅವನದು ಯಾವ ವೀಸಾ? ಅದರ ಮೇಲೆ ನಮ್ಮ ಹುಡುಗಿಗೆ ಕೆಲಸ ಮಾಡಲು ಅವಕಾಶ ಇದೆಯಾ?" ಎಂದು ಕೇಳುವವರು ಎಷ್ಟು ಮಂದಿ?

ನಾನು ವಕೀಲಳಲ್ಲ. ಎಂ.ಟೆಕ್. ಮಾಡಿ ಐಟಿಯಲ್ಲಿ ಕೆಲಸ ಮಾಡುತ್ತಿರುವವಳು. ಗಂಡನ ಎಚ್-1ಬಿ ಜೊತೆಗೆ ಎಚ್-4 ವೀಸಾದಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷ ಇದ್ದು ಬಂದಿದ್ದೇನೆ. ಅದರಲ್ಲಿ ಮೊದಲ ಎರಡು ವರ್ಷ ಕೆಲಸದ ಪರವಾನಗಿ ಇರಲಿಲ್ಲ. ಈಗ ನನ್ನ ತಂಡದವರು ಆನ್‌ಸೈಟ್ ಹೋಗುವಾಗ ಅವರ ಮನೆಯವರು ಕೇಳುವ ಪ್ರಶ್ನೆಗಳೂ ನನಗೇ ಬರುತ್ತವೆ. ಆ ಅನುಭವದಿಂದ ಒಂದೇ ಒಂದು ಮಾತು ಹೇಳಬೇಕೆಂದಿದ್ದೇನೆ. ಡಿಪೆಂಡೆಂಟ್ ವೀಸಾ ಎಂದರೆ ನಿಮ್ಮ ಇರುವಿಕೆ ಇನ್ನೊಬ್ಬರ ನೌಕರಿಗೆ ಕಟ್ಟಿದ ಗಂಟು. ಆ ಗಂಟು ಎಲ್ಲಿದೆ, ಎಷ್ಟು ದಿನ ಇರುತ್ತದೆ, ಬಿಚ್ಚಿದರೆ ಏನಾಗುತ್ತದೆ ಎನ್ನುವುದು ಗಂಡನಿಗೆ ಮಾತ್ರ ಗೊತ್ತಿದ್ದರೆ ಸಾಲದು, ನಿಮಗೂ ಗೊತ್ತಿರಬೇಕು.

ಮೊದಲಿಗೆ "ವ್ಯಾಲಿಡಿಟಿ" ಎಂಬ ಪದವನ್ನು ಬಿಡಿಸಿಕೊಳ್ಳೋಣ. ಇದರಲ್ಲೇ ಅತಿ ಹೆಚ್ಚು ಗೊಂದಲ.

ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಒಂದು ಗೇಟ್ ಪಾಸ್ ಇದ್ದ ಹಾಗೆ. ಐಟಿ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿಯವರು ಪಾಸ್ ನೋಡಿ ಒಳಗೆ ಬಿಡುತ್ತಾರೆ. ಒಳಗೆ ಎಷ್ಟು ಹೊತ್ತು ಇರಬಹುದು ಎನ್ನುವುದು ಬೇರೆ ಲೆಕ್ಕ. ಅಮೆರಿಕದ ವಿಷಯಕ್ಕೆ ಬಂದರೆ ಆ ಲೆಕ್ಕದ ಹೆಸರು ಐ-94. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಿಮ್ಮನ್ನು ಒಳಗೆ ಬಿಡುವಾಗ ಇಂಥ ದಿನದವರೆಗೆ ಇರಬಹುದು ಎಂದು ದಾಖಲಿಸುತ್ತಾರೆ. ಆ ದಾಖಲೆಯನ್ನು ಸರ್ಕಾರದ ಐ-94 ಜಾಲತಾಣದಿಂದ ನೀವೇ ತೆಗೆದುಕೊಳ್ಳಬಹುದು. ಇಳಿದ ವಾರದಲ್ಲೇ ತೆಗೆದು ನೋಡಿ. ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೂ ಐ-94 ದಿನಾಂಕ ಮುಂದಿದ್ದರೆ ನೀವು ಅಲ್ಲೇ ಇರಬಹುದು. ವೀಸಾ ಇನ್ನೂ ಎರಡು ವರ್ಷ ಇದ್ದು ಐ-94 ಮುಗಿದಿದ್ದರೆ ಇರುವಂತಿಲ್ಲ. ಹೊರಗೆ ಹೋಗಿ ಮತ್ತೆ ಒಳಗೆ ಬರುವಾಗ ಮಾತ್ರ ಚಾಲ್ತಿಯಲ್ಲಿರುವ ವೀಸಾ ಬೇಕು.

ಮೂರನೆಯ ದಿನಾಂಕ ಪಾಸ್‌ಪೋರ್ಟಿನದು. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಕೂಡ ಅದೇ ದಿನಾಂಕಕ್ಕೆ ನಿಲ್ಲುವುದುಂಟು. ಕೆನಡಾದಲ್ಲೂ ಹಾಗೆಯೇ, ಪಾಸ್‌ಪೋರ್ಟಿನ ಅವಧಿಯನ್ನು ಮೀರಿ ವರ್ಕ್ ಪರ್ಮಿಟ್ ಕೊಡುವುದಿಲ್ಲ. ಆದ್ದರಿಂದ ಒಂದು ವರ್ಷವೋ ಒಂದೂವರೆ ವರ್ಷವೋ ಉಳಿದಿರುವ ಪಾಸ್‌ಪೋರ್ಟ್ ಹಿಡಿದು ಹೊರಡುವ ಬದಲು ಇಲ್ಲೇ ನವೀಕರಿಸಿಕೊಂಡು ಹೋಗುವುದು ಲೇಸು.

ನಾಲ್ಕನೆಯದು ಸಂಗಾತಿಯ ದಿನಾಂಕ. ಅವರ ಪರವಾನಗಿ ಮುಗಿದ ಮೇಲೆ ನಿಮ್ಮದು ಉಳಿಯುವುದಿಲ್ಲ. ಆದರೆ ಅವರದು ಮುಂದುವರಿದರೆ ನಿಮ್ಮದು ತಾನಾಗಿಯೇ ಮುಂದುವರಿಯುವುದೂ ಇಲ್ಲ! ಎಷ್ಟೋ ಜನ ಎಡವುವುದು ಇಲ್ಲಿಯೇ. ಎಚ್-1ಬಿ ವಿಸ್ತರಣೆಗೆ ಕಂಪನಿ ಅರ್ಜಿ ಹಾಕುತ್ತದೆ. ಹೆಂಡತಿ ಮಕ್ಕಳ ಎಚ್-4 ವಿಸ್ತರಣೆಗೆ ಐ-539 ಎಂಬ ಬೇರೆ ಅರ್ಜಿಯನ್ನೇ ಹಾಕಬೇಕು.

ನಾವಿದ್ದ ಅಪಾರ್ಟ್‌ಮೆಂಟಿನಲ್ಲೇ ಒಂದು ಕುಟುಂಬ ಇತ್ತು. ಗಂಡನ ವಿಸ್ತರಣೆ ಮಂಜೂರಾಗಿ ಪತ್ರ ಬಂತು, ಸಿಹಿ ಹಂಚಿದರು. ಹೆಂಡತಿಯ ಅರ್ಜಿಯನ್ನು ಕಂಪನಿಯವರು ಹಾಕಿರುತ್ತಾರೆ ಎಂದು ಇವರು ತಿಳಿದಿದ್ದರು, ಅದು ಕುಟುಂಬದವರ ಜವಾಬ್ದಾರಿ ಎಂದು ಅವರು ತಿಳಿದಿದ್ದರು. ಆಕೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದಾಗ ಕೌಂಟರಿನಲ್ಲಿದ್ದವರು "ನಿಮ್ಮ ಅವಧಿ ನಾಲ್ಕು ತಿಂಗಳ ಹಿಂದೆಯೇ ಮುಗಿದಿದೆ" ಎಂದರು. ಅಮೆರಿಕದ ಕಾನೂನಿನಲ್ಲಿ ಹೀಗೆ ಅಕ್ರಮವಾಗಿ ಉಳಿದ ದಿನಗಳು 180 ದಾಟಿದ ಮೇಲೆ ಹೊರಟರೆ 3 ವರ್ಷ ಮತ್ತೆ ಬರುವಂತಿಲ್ಲ, ಒಂದು ವರ್ಷ ತುಂಬಿದರೆ 10 ವರ್ಷ. ವಕೀಲರು ಲೆಕ್ಕ ಹಾಕಿ ಕೂಡಲೇ ಹೊರಡಿ ಎಂದರು. ಮಗುವಿನ ಶಾಲೆಯ ವರ್ಷ ಇನ್ನೂ ಅರ್ಧ ಬಾಕಿ ಇತ್ತು. ಆಕೆ ಮಗುವನ್ನು ಗಂಡನ ಬಳಿ ಬಿಟ್ಟು ಊರಿಗೆ ಬಂದು, ಹೊಸದಾಗಿ ವೀಸಾ ಮಾಡಿಸಿಕೊಂಡು ವಾಪಸು ಹೋಗಬೇಕಾಯಿತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ತನ್ನ ದಿನಾಂಕವನ್ನು ತಾನೇ ನೋಡಿಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಇನ್ನು ನೌಕರಿ ಹೋದರೆ? ಎಚ್-1ಬಿ, ಎಲ್-1ರಲ್ಲಿ ಇರುವವರ ಕೆಲಸ ಹೋದರೆ ಗರಿಷ್ಠ 60 ದಿನಗಳ ಕಾಲಾವಕಾಶ, ಅಥವಾ ಐ-94 ಮುಗಿಯುವವರೆಗೆ, ಯಾವುದು ಮೊದಲೋ ಅದು. ಜೊತೆಗಿರುವ ಕುಟುಂಬಕ್ಕೂ ಅಷ್ಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಮಾತು ಅಂಥ ದಿನ ಚೆನ್ನಾಗಿ ಅರ್ಥವಾಗುತ್ತದೆ. ಮನೆಯ ಬಾಡಿಗೆ ಕರಾರು, ಕಾರಿನ ಸಾಲ, ಮಗುವಿನ ಶಾಲೆ ಎಲ್ಲವೂ ಆ 60 ದಿನದೊಳಗೆ ತೀರ್ಮಾನವಾಗಬೇಕು.

ಈಗ ಕೆಲಸದ ವಿಷಯ. ಓದಿದ ಹೆಣ್ಣುಮಕ್ಕಳಿಗೆ ಇದೇ ದೊಡ್ಡ ಪ್ರಶ್ನೆ. ಉತ್ತರ ದೇಶಕ್ಕೆ ತಕ್ಕಂತೆ ಬೇರೆ. ಒಂದೇ ದೇಶದಲ್ಲೂ ವೀಸಾಕ್ಕೆ ತಕ್ಕಂತೆ ಬೇರೆ.

ಅಮೆರಿಕದಲ್ಲಿ ಎಚ್-4 ಮೇಲೆ ಓದಬಹುದು, ಬರಿದೇ ಕೆಲಸ ಮಾಡುವಂತಿಲ್ಲ. 2015ರ ಮೇ 26ರಿಂದ ಒಂದು ಬಾಗಿಲು ತೆರೆದಿದೆ. ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಮಂಜೂರಾಗಿದ್ದರೆ, ಅಥವಾ ಆ ಪ್ರಕ್ರಿಯೆಯ ಆಧಾರದ ಮೇಲೆ ಎಚ್-1ಬಿ ಆರು ವರ್ಷದ ಮಿತಿ ದಾಟಿ ವಿಸ್ತರಣೆಯಾಗಿದ್ದರೆ, ಎಚ್-4 ಸಂಗಾತಿ ಇಎಡಿ ಎಂಬ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಹೀಗಾಗಿ ಸಂಬಂಧ ಮಾತಾಡುವಾಗ "ಹುಡುಗನಿಗೆ ಎಚ್-1ಬಿ ಇದೆ" ಎಂಬ ಉತ್ತರ ಅರ್ಧ ಉತ್ತರ. "ಐ-140 ಆಗಿದೆಯಾ?" ಎಂದು ಮುಂದೆ ಕೇಳಬೇಕು. ಕೇಳಲು ಸಂಕೋಚ ಬೇಡ, ಚಿನ್ನ ಎಷ್ಟು ಎಂದು ಕೇಳುವುದಕ್ಕಿಂತ ಇದು ಮರ್ಯಾದೆಯ ಪ್ರಶ್ನೆ.

ಇಎಡಿ ನವೀಕರಣದಲ್ಲೂ ಈಗ ಎಚ್ಚರ ಬೇಕು. ಮೊದಲೆಲ್ಲ ಸಮಯಕ್ಕೆ ಅರ್ಜಿ ಹಾಕಿದರೆ ಹೊಸ ಕಾರ್ಡ್ ಬರುವವರೆಗೆ ಹಳೆಯದು ತಾನಾಗಿ ಮುಂದುವರಿಯುವ ಸೌಲಭ್ಯ ಇತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಅದನ್ನು ನಿಲ್ಲಿಸಿದರು. ಕಾರ್ಡ್ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಅಷ್ಟು ಮುಂಚೆಯೇ ಹಾಕುವುದು ಒಳ್ಳೆಯದು.

ಎಲ್-1 ಮೇಲೆ, ಅಂದರೆ ತಮ್ಮದೇ ಕಂಪನಿಯ ವಿದೇಶಿ ಶಾಖೆಗೆ ವರ್ಗವಾಗಿ ಹೋಗುವವರ ಸಂಗಾತಿಗೆ ಪರಿಸ್ಥಿತಿ ಬಹಳ ಉತ್ತಮ. 2021ರ ನವೆಂಬರಿನಿಂದ ಎಲ್-2 ಸಂಗಾತಿಗೆ ಆ ಸ್ಥಾನದಿಂದಲೇ ಕೆಲಸದ ಹಕ್ಕು ಇದೆ, ಪ್ರತ್ಯೇಕ ಕಾರ್ಡ್ ಕಡ್ಡಾಯವಲ್ಲ. ಐ-94ರಲ್ಲಿ "ಎಲ್-2ಎಸ್" ಎಂದು ನಮೂದಾಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಎಂ.ಎಸ್. ಓದಲು ಹೋದವರ ಸಂಗಾತಿಯದು ಎಫ್-2, ಅದರಲ್ಲಿ ಕೆಲಸ ಇಲ್ಲ, ಪೂರ್ಣಾವಧಿ ಪದವಿ ಓದೂ ಇಲ್ಲ. ಒಂದೇ ಹುದ್ದೆ, ಒಂದೇ ಊರು, ಆದರೆ ಎಚ್-4, ಎಲ್-2 ನಡುವೆ ಇಷ್ಟು ವ್ಯತ್ಯಾಸ! ಕಂಪನಿ ಎರಡರಲ್ಲಿ ಯಾವುದಾದರೂ ಆಗಬಹುದು ಎಂದರೆ ಮನೆಯಲ್ಲಿ ಇಬ್ಬರೂ ಕೂತು ಯೋಚಿಸಬೇಕು. ಎಚ್-4ರಲ್ಲಿ ಕಳೆದ ವರ್ಷಗಳು ನಿಮ್ಮ ಸ್ವಂತ ಎಚ್-1ಬಿಯ ಆರು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ ಎನ್ನುವುದೂ ಗೊತ್ತಿರಲಿ.

"ಇಲ್ಲಿನ ಕಂಪನಿಗೇ ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರೆ ಯಾರಿಗೆ ತಿಳಿಯುತ್ತದೆ?" ಎಂದು ಹಲವರು ಕೇಳುತ್ತಾರೆ. ಪರವಾನಗಿ ಇಲ್ಲದೆ ಅಮೆರಿಕದ ನೆಲದ ಮೇಲೆ ಕೂತು ಮಾಡುವ ಕೆಲಸ ಮುಂದೆ ಗ್ರೀನ್ ಕಾರ್ಡ್ ಅರ್ಜಿಯ ಹೊತ್ತಿಗೆ ಪ್ರಶ್ನೆಯಾಗಿ ಎದ್ದು ಬರಬಹುದು. ವಲಸೆ ವಕೀಲರನ್ನು ಕೇಳದೆ ಕೈಹಾಕಬೇಡಿ.

ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಸಂಗಾತಿ ಹೆಚ್ಚುಕಡಿಮೆ ಯಾವ ಕೆಲಸವನ್ನಾದರೂ ಮಾಡಬಹುದು, ಸ್ವಂತ ಉದ್ಯೋಗವನ್ನೂ ಮಾಡಬಹುದು. ಆದರೆ ಯಾರು ಕುಟುಂಬ ಕರೆತರಬಹುದು ಎನ್ನುವುದೇ ಅಲ್ಲಿ ಬಿಗಿಯಾಗಿದೆ. 2024ರ ಜನವರಿ 1ರಿಂದ ಶುರುವಾದ ಸಾಮಾನ್ಯ ಮಾಸ್ಟರ್ಸ್ ಕೋರ್ಸುಗಳ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆದೊಯ್ಯುವಂತಿಲ್ಲ. ಪಿಎಚ್‌ಡಿಯಂಥ ಸಂಶೋಧನಾ ಕೋರ್ಸುಗಳಿಗೆ ಅವಕಾಶ ಉಳಿದಿದೆ. 2024ರ ಮಾರ್ಚ್ 11ರಿಂದ ಹೊಸದಾಗಿ ಹೋದ ಕೇರ್ ವರ್ಕರ್‌ಗಳಿಗೂ ಕುಟುಂಬ ಇಲ್ಲ. ಖರ್ಚಿನ ಲೆಕ್ಕವೂ ಬೇಕು: ವೀಸಾ ಶುಲ್ಕದ ಮೇಲೆ ಆರೋಗ್ಯ ಸರ್‌ಚಾರ್ಜ್ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮೂರು ವರ್ಷದ ವೀಸಾ ಆದರೆ 3,105 ಪೌಂಡ್, ಅದನ್ನು ಅರ್ಜಿಯ ಜೊತೆಗೇ ಕಟ್ಟಬೇಕು. ಕಂಪನಿ ಉದ್ಯೋಗಿಯದು ಮಾತ್ರ ಕಟ್ಟುತ್ತದೆಯೋ, ನಿಮ್ಮದನ್ನೂ ಕಟ್ಟುತ್ತದೆಯೋ ಎಂದು ಮೊದಲೇ ಕೇಳಿಸಿ.

ಕೆನಡಾದಲ್ಲಿ ಮೊದಲು ಬಹುತೇಕ ವಿದ್ಯಾರ್ಥಿಗಳ ಸಂಗಾತಿಗೂ ಓಪನ್ ವರ್ಕ್ ಪರ್ಮಿಟ್ ಸಿಗುತ್ತಿತ್ತು. 2025ರ ಜನವರಿ 21ರಿಂದ 16 ತಿಂಗಳು ಅಥವಾ ಹೆಚ್ಚಿನ ಮಾಸ್ಟರ್ಸ್, ಡಾಕ್ಟರೇಟ್, ಕೆಲವು ವೃತ್ತಿಪರ ಕೋರ್ಸುಗಳವರ ಸಂಗಾತಿಗೆ ಮಾತ್ರ. ಕೆಲಸಕ್ಕೆ ಹೋದವರಾದರೆ ಅವರ ಹುದ್ದೆ ನಿಗದಿತ ಉನ್ನತ ವರ್ಗದಲ್ಲಿರಬೇಕು, ಪರ್ಮಿಟ್ಟಿನಲ್ಲಿ ಕನಿಷ್ಠ 16 ತಿಂಗಳು ಬಾಕಿ ಇರಬೇಕು. ಹಳೆಯ ಯೂಟ್ಯೂಬ್ ವಿಡಿಯೋ ನೋಡಿ ನೌಕರಿಗೆ ರಾಜೀನಾಮೆ ಕೊಟ್ಟವರನ್ನು ನಾನು ಬಲ್ಲೆ. ಯಾವ ಮಾಹಿತಿಯಾದರೂ ಅದರ ದಿನಾಂಕ ನೋಡಿ.

ಜರ್ಮನಿಯಲ್ಲಿ ಸಂಗಾತಿಗೆ ಕೆಲಸದ ಹಕ್ಕು ಮೊದಲ ದಿನದಿಂದಲೇ ಇದೆ. ಸಾಮಾನ್ಯವಾಗಿ ಹೊರಡುವ ಮೊದಲು ಎ1 ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿರಬೇಕು, ಇಯು ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ವಿನಾಯಿತಿ. ವಿನಾಯಿತಿ ಇದ್ದರೂ ಕಲಿತು ಹೋಗಿ. ನಮ್ಮ ಪುಣೆಯಲ್ಲೇ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಆ ದೇಶದ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದ ಅಂಶ ಇನ್ನೊಂದು. ಅಲ್ಲಿ ಮೂರು ವರ್ಷ ಜೊತೆಯಾಗಿ ಸಂಸಾರ ಮಾಡಿದ್ದರೆ, ಆಮೇಲೆ ಬೇರೆಯಾದರೂ ಸಂಗಾತಿಗೆ ಸ್ವತಂತ್ರವಾಗಿ ಉಳಿಯುವ ಹಕ್ಕು ಬರುತ್ತದೆ. ದೌರ್ಜನ್ಯದಂಥ ಕಠಿಣ ಸಂದರ್ಭದಲ್ಲಿ ಮೂರು ವರ್ಷ ತುಂಬುವುದಕ್ಕೆ ಕಾಯಬೇಕಿಲ್ಲ.

ಸಿಂಗಪುರದಲ್ಲಿ ಡಿಪೆಂಡೆಂಟ್ ಪಾಸ್ ಸಿಗಲು ಉದ್ಯೋಗಿಯ ನಿಗದಿತ ಮಾಸಿಕ ಸಂಬಳ ಕನಿಷ್ಠ 6,000 ಸಿಂಗಪುರ ಡಾಲರ್ ಇರಬೇಕು. ಆ ಪಾಸ್ ಮೇಲೆ ನೇರವಾಗಿ ಕೆಲಸಕ್ಕೆ ಸೇರುವುದು 2021ರ ಮೇ ತಿಂಗಳಿನಿಂದ ನಿಂತಿದೆ, ಸಾಮಾನ್ಯವಾಗಿ ಸ್ವಂತ ವರ್ಕ್ ಪಾಸ್ ಬೇಕು.

ಮದುವೆಯಾಗದೆ ಜೊತೆಗಿರುವವರ ಬಗ್ಗೆಯೂ ಒಂದು ಮಾತು. ನಮ್ಮ ಸಭೆಯಲ್ಲಿ ಇದನ್ನು ಹೇಳಬೇಕೋ ಬೇಡವೋ ಎಂದುಕೊಂಡೆ, ಆದರೆ ಮಕ್ಕಳ ಕಾಲ ಬದಲಾಗಿದೆ. ಅಮೆರಿಕದ ಎಚ್-4, ಎಲ್-2 ಕಾನೂನುಬದ್ಧ ಮದುವೆಯಾದವರಿಗೆ ಮಾತ್ರ. ಕೆನಡಾದಲ್ಲಿ ಸತತ 12 ತಿಂಗಳು ಒಂದೇ ಮನೆಯಲ್ಲಿ ಬಾಳಿದ ಪುರಾವೆ ಇದ್ದರೆ ಸಂಗಾತಿ ಎಂದು ಒಪ್ಪುತ್ತಾರೆ. ಬ್ರಿಟನ್ನಿನಲ್ಲಿ ಕನಿಷ್ಠ ಎರಡು ವರ್ಷದ ಗಟ್ಟಿ ಸಂಬಂಧದ ಪುರಾವೆ ಕೇಳುತ್ತಾರೆ. ಪುರಾವೆ ಎಂದರೆ ಫೋಟೋ ಮಾತ್ರವಲ್ಲ, ಜಂಟಿ ಬಾಡಿಗೆ ಕರಾರು, ಜಂಟಿ ಖಾತೆ, ಒಂದೇ ವಿಳಾಸದ ಬಿಲ್ಲುಗಳು.

ಇನ್ನು ಕಾಗದಪತ್ರ. ಎಲ್ಲಕ್ಕೂ ಬುನಾದಿ ವಿವಾಹ ನೋಂದಣಿ. ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಸಾವಿರ ಜನ ನೋಡಿದ ಮದುವೆಯಾದರೂ ವೀಸಾ ಅಧಿಕಾರಿಗೆ ಬೇಕಾದದ್ದು ಸರ್ಟಿಫಿಕೇಟು. ಕರ್ನಾಟಕದಲ್ಲಾದರೆ ಉಪನೋಂದಣಾಧಿಕಾರಿ ಕಚೇರಿ, ಇಲ್ಲಿ ಪುಣೆಯಲ್ಲಾದರೆ ಮಹಾನಗರ ಪಾಲಿಕೆಯ ಕಚೇರಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನದ ನೋಟಿಸ್ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಹುಡುಗ ಮೂರು ವಾರದ ರಜೆಯಲ್ಲಿ ಬಂದು ಮದುವೆಯಾಗಿ ಹೊರಡುವ ಮನೆಗಳಲ್ಲಿ ಇದೇ ಉಳಿದುಬಿಡುತ್ತದೆ. ಸರ್ಟಿಫಿಕೇಟ್ ಕನ್ನಡದಲ್ಲೋ ಮರಾಠಿಯಲ್ಲೋ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ. ಕೆಲವು ದೇಶಗಳು ಅಪೊಸ್ಟಿಲ್ ಮುದ್ರೆಯನ್ನೂ ಕೇಳುತ್ತವೆ.

ಹೆಸರಿನ ತೊಡಕು ನಮ್ಮವರಿಗೆ ವಿಶೇಷ. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿರುತ್ತದೆ, ಅಡ್ಡಹೆಸರು ಇರುವುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ, ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ! ಬ್ಯಾಂಕಿನಿಂದ ಲೈಸೆನ್ಸಿನವರೆಗೆ ಎಲ್ಲೆಡೆ ಅದೇ ಹೆಸರು ಹಿಂಬಾಲಿಸುತ್ತದೆ. ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಸರಿಮಾಡಿಸಿಕೊಳ್ಳಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಲೇಬೇಕೆಂಬ ನಿಯಮ ಇಲ್ಲ. ತವರಿನ ಹೆಸರೇ ಇದ್ದರೆ ಅಂಕಪಟ್ಟಿ, ಡಿಗ್ರಿ, ಅನುಭವ ಪತ್ರ ಎಲ್ಲವೂ ಹೊಂದಿಕೊಂಡಿರುತ್ತವೆ.

ರಜೆಗೆ ಊರಿಗೆ ಬರುವವರಿಗೂ ಒಂದು ಎಚ್ಚರಿಕೆ. ಅಮೆರಿಕದ ವೀಸಾ ಸ್ಟ್ಯಾಂಪಿಂಗ್‌ನಲ್ಲಿ ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸ್‌ನಲ್ಲಿ ಮುಗಿಯುತ್ತಿದ್ದ ಸೌಲಭ್ಯ ಎಚ್ ಮತ್ತು ಎಲ್ ವೀಸಾಗಳಿಗೆ 2025ರ ಸೆಪ್ಟೆಂಬರ್ 2ರಿಂದ ಇಲ್ಲ. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುತ್ತಾರೆ. ತಮ್ಮನ ಮದುವೆಗೆಂದು ಎರಡು ವಾರಕ್ಕೆ ಬಂದವರು ತಿಂಗಳುಗಟ್ಟಲೆ ಇಲ್ಲೇ ಉಳಿಯುವ ಪರಿಸ್ಥಿತಿ ಬರಬಹುದು. ವಾಪಸು ಹೋಗಲು ಹೊಸ ಸ್ಟ್ಯಾಂಪ್ ಬೇಕಾ ಎಂದು ಮೊದಲು ನೋಡಿ, ಆಮೇಲೆ ಟಿಕೆಟ್ ಕೊಳ್ಳಿ.

ಕೊನೆಯದಾಗಿ, ಹೇಳಲು ಹಿತವಲ್ಲದ ಮಾತು. ವೀಸಾ ಇನ್ನೊಬ್ಬರ ಕೈಯಲ್ಲಿದೆ ಎನ್ನುವುದೇ ಕೆಲವು ಮನೆಗಳಲ್ಲಿ ಬೆದರಿಕೆಯಾಗುತ್ತದೆ. "ನಿನ್ನನ್ನು ವಾಪಸು ಕಳಿಸುತ್ತೇನೆ" ಎಂಬ ಮಾತು ಕೇಳಿಕೊಂಡು ಬದುಕಿದವರು ಇದ್ದಾರೆ. ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ. ಮದುವೆ ಸರ್ಟಿಫಿಕೇಟ್, ಐ-94, ಸಂಗಾತಿಯ ಮಂಜೂರಾತಿ ಪತ್ರ, ಮಕ್ಕಳ ಜನನ ಪತ್ರ ಇವುಗಳ ಪ್ರತಿ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ, ಇನ್ನೊಂದು ಪ್ರತಿ ತವರಿನಲ್ಲಿರಲಿ. ಸ್ವಂತ ಬ್ಯಾಂಕ್ ಖಾತೆ ಇರಲಿ. ದೌರ್ಜನ್ಯಕ್ಕೆ ಒಳಗಾದ ಎಚ್-4 ಪತ್ನಿ ತಾನೇ ಕೆಲಸದ ಪರವಾನಗಿಗೆ ಅರ್ಜಿ ಹಾಕಲು ಅಮೆರಿಕದ ಕಾನೂನಿನಲ್ಲಿ ಐ-765ವಿ ಎಂಬ ಅರ್ಜಿಯೇ ಇದೆ. ನಮ್ಮ ಸರ್ಕಾರದ ಕಡೆಯಿಂದ ರಾಯಭಾರ ಕಚೇರಿಗಳು, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್, ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕ ಇವೆ. ಹೆಣ್ಣು ಕೊಡುವ ಅಪ್ಪ ಅಮ್ಮಂದಿರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಬಳಸುವ ಸಂದರ್ಭ ಬಾರದೇ ಇರಲಿ.

ಇಲ್ಲಿ ಕೂತ ತಂಗಿಯರಿಗೆ ನನ್ನ ಮಾತನ್ನು ಐದು ಪ್ರಶ್ನೆಗಳಲ್ಲಿ ಕಟ್ಟಿಕೊಡುತ್ತೇನೆ. ಸಂಗಾತಿಯ ವೀಸಾ ಯಾವುದು, ಎಂದು ಮುಗಿಯುತ್ತದೆ? ಅದರ ಮೇಲೆ ನನಗೆ ಕೆಲಸದ ಹಕ್ಕು ಇದೆಯಾ, ಇಲ್ಲದಿದ್ದರೆ ಯಾವಾಗ, ಯಾವ ಷರತ್ತಿನ ಮೇಲೆ ಬರುತ್ತದೆ? ನನ್ನ ವಿಸ್ತರಣೆಯ ಅರ್ಜಿ ಯಾರು ಹಾಕುತ್ತಾರೆ, ಖರ್ಚು ಯಾರದು? ಅವರ ಕೆಲಸ ಹೋದರೆ ನಮಗೆ ಎಷ್ಟು ದಿನ ಇದೆ? ನನ್ನ ಕಾಗದಗಳು ಎಲ್ಲಿವೆ? ಉತ್ತರಗಳನ್ನು ಸಂಬಂಧಪಟ್ಟ ದೇಶದ ಸರ್ಕಾರಿ ಜಾಲತಾಣದಲ್ಲಿ ಒಮ್ಮೆ ತಾಳೆ ನೋಡಿ, ಏಕೆಂದರೆ ಇಂದು ನಾನು ಹೇಳಿದ ನಿಯಮ ನೀವು ಹೊರಡುವ ಹೊತ್ತಿಗೆ ಬದಲಾಗಿರಬಹುದು.

ಉತ್ತರ ಗೊತ್ತಿದ್ದು ಎಚ್-4 ಮೇಲೆ ಹೋಗಿ ಎರಡು ವರ್ಷ ಮಗುವಿನ ಜೊತೆ ಮನೆಯಲ್ಲಿರುತ್ತೇನೆ ಎಂದರೆ ಅದು ನಿಮ್ಮ ಆಯ್ಕೆ, ಅದಕ್ಕೂ ಗೌರವ ಇದೆ. ಗೊತ್ತಿಲ್ಲದೆ ಹೋಗಿ, ಅಡುಗೆಮನೆಯಲ್ಲಿ ನಿಂತು "ನಾನು ಇಷ್ಟು ಓದಿದ್ದು ಯಾಕೆ" ಎಂದು ಅಳುವುದು ಬೇಡ. ಅಷ್ಟಕ್ಕೇ ಈ ಮಾತುಗಳು.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.